ಜಗಲಿ ಮಳೆ

ಆರು ಲಕ್ಷದ ಎಪ್ಪತ್ತು ಸಾವಿರ ಸಾಲುಗಳಲ್ಲಿ ಇಪ್ಪತ್ತಾರು ಸಾಲು ಯಾವ ಲೆಕ್ಕ ಎಂದು ಯಮುನ ಬೆಳಗಿನಿಂದ ಏಳೆಂಟು ಸಲ ತನಗೆ ತಾನೇ ಹೇಳಿಕೊಂಡಿದ್ದಳು. ಒಮ್ಮೆ ಒಲೆಯ ಮುಂದೆ, ಒಮ್ಮೆ ಬಚ್ಚಲಲ್ಲಿ, ಒಮ್ಮೆ ಬಾಲ್ಕನಿಯಲ್ಲಿ ಒದ್ದೆ ಟವೆಲು ಹಿಡಿದುಕೊಂಡು. ಹೇಳಿಕೊಂಡಾಗಲೆಲ್ಲ ಸರಿ ಅನ್ನಿಸುತ್ತಿತ್ತು. ಟವೆಲು ಹರವಿ ಒಳಗೆ ಬರುವಷ್ಟರಲ್ಲಿ ಸರಿ ಅನ್ನಿಸಿದ್ದು ಇಳಿದುಹೋಗುತ್ತಿತ್ತು. ಮಾರ್ಚ್ ತಿಂಗಳ ಭಾನುವಾರ. ಕಾಫಿ ಹೂ ಅರಳಿಸುವ ಹೂಮಳೆ ಇನ್ನೂ ಬಂದಿರಲಿಲ್ಲ. ಮಡಿಕೇರಿಯಲ್ಲಿ ಇಷ್ಟು ಸೆಕೆ ಯಾವತ್ತೂ ಇರಲಿಲ್ಲ ಎಂದು ಪ್ರತಿ ವರ್ಷ ಹೇಳುವ ಮಾತನ್ನೇ ಕೆಳಗಿನ ಮನೆಯವರು ಈ ವರ್ಷವೂ ಹೇಳುತ್ತಿದ್ದರು. ಗಂಡ ಉದಯ ಭಾನುವಾರವೂ ಬಾಗಿಲು ಹಾಕದ ತನ್ನ ಔಷಧಿ ಅಂಗಡಿಗೆಂದು ಏಳು ಗಂಟೆಯ ವಿರಾಜಪೇಟೆ ಬಸ್ಸಿಗೆ ಹೋಗಿದ್ದ. ಅಪ್ಪ ಮುಂದಿನ ಕೋಣೆಯಲ್ಲಿ ಕೂತು, ಎದ್ದು, ಬಾಲ್ಕನಿಗೆ ಹೋಗಿ ಆಕಾಶ ನೋಡಿ, ಮತ್ತೆ ಬಂದು ಕೂರುತ್ತಿದ್ದ. ಮೂರು ಗಂಟೆಗೆ ಚಿದಾನಂದ ಬರುವವರಿದ್ದರು, ಅಪ್ಪನಿಗೆ ಹೊದಿಸಲು ಶಾಲು ತೆಗೆದುಕೊಂಡು. ಅಷ್ಟರೊಳಗೆ ಆ ಇಪ್ಪತ್ತಾರು ಸಾಲುಗಳನ್ನು ಏನು ಮಾಡುವುದು ಎಂದು ಅವಳು ತೀರ್ಮಾನಿಸಬೇಕಿತ್ತು.

ಸಾಲುಗಳೆಂದರೆ ಮಳೆಯ ಸಾಲುಗಳು. ಕೊಡಗಿನ ತೋಟಗಳಲ್ಲಿ ಬೇರೇನೂ ಬರೆದಿಡದಿದ್ದರೂ ಮಳೆ ಬರೆದಿಡುತ್ತಾರೆ. ಬೆಳಿಗ್ಗೆ ಎಂಟು ಗಂಟೆಗೆ ಕಣದ ಅಂಚಿನಲ್ಲಿ ನಿಲ್ಲಿಸಿದ ಡಬ್ಬದ ನೀರನ್ನು ಅಳತೆ ಗಾಜಿಗೆ ಸುರಿದು ನೋಡಿ ಇಷ್ಟು ಇಂಚು, ಇಂಚಿನ ನೂರನೇ ಪಾಲಿನ ಲೆಕ್ಕದಲ್ಲಿ ಇಷ್ಟು ಸೆಂಟ್ ಎಂದು ಪುಸ್ತಕಕ್ಕೆ ಏರಿಸುವುದು ತೋಟದ ಗುಮಾಸ್ತ ರೈಟರನ ಕೆಲಸ. ಚಿದಾನಂದರ ಬೆಳೆಗಾರರ ಒಕ್ಕೂಟ ಅಂಥ ಅರವತ್ತೊಂದು ತೋಟಗಳ ಮೂವತ್ತು ವರ್ಷದ ಪುಸ್ತಕಗಳನ್ನು ಒಟ್ಟುಮಾಡಿ, ಅಮ್ಮತ್ತಿಯಲ್ಲಿ ಟೈಪ್ ಮಾಡಿಸಿ, ಎಲ್ಲವನ್ನೂ ಒಂದೇ ಫೈಲಿಗೆ ತುಂಬಿ, ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಯಮುನಳ ಕೈಗೆ ಕೊಟ್ಟಿತ್ತು. ಎಷ್ಟು ದಿನದಲ್ಲಿ ಎಷ್ಟು ಇಂಚು ಬಿದ್ದರೆ ಯಾವ ಗುಡ್ಡದ ಕಡಿದಾದ ಮಣ್ಣಿನ ಬರೆ ಕುಸಿಯುತ್ತದೆ, ಕೆಳಗಿನ ಮನೆಗಳವರು ಯಾವಾಗ ಎದ್ದು ಹೋಗಬೇಕು ಎಂದು ಲೆಕ್ಕ ಹಾಕುವವರಿಗೆ ಈ ಫೈಲು ಹೋಗುವುದಿತ್ತು. ಹೋಗುವ ಮೊದಲು ಸೋಸಬೇಕು. ಮೊದಲ ದಿನ ಅವಳು ಇಡೀ ಫೈಲನ್ನು ಒಂದೇ ಸಲ ತೆರೆಯಲು ಹೋಗಿ ಲ್ಯಾಬಿನ ಕಂಪ್ಯೂಟರು ಅಲ್ಲಾಡದೆ ನಿಂತುಬಿಟ್ಟಿತ್ತು. ಹಿಂದೆ ನಿಂತಿದ್ದ ಹೊಸ ಲೆಕ್ಚರರ್ ದೀಕ್ಷಿತ್, ಇನ್ನೂ ಮೀಸೆ ಸರಿಯಾಗಿ ಮೂಡದವನು, ಹುಡುಗಿಯರ ಮುಂದೆಯೇ, "ಮೇಡಂ, ಇಡೀ ಕೆರೆ ಕುಡೀಲಿಕ್ಕೆ ಹೋಗ್ಬಾರ್ದು. ಒಂದು ಸಾಲು ಓದಿಸಿ, ನೋಡಿ, ಬಿಡಿ. ಆಮೇಲೆ ಇನ್ನೊಂದು" ಅಂದಿದ್ದ. ಹದಿನೇಳು ವರ್ಷ ಅದನ್ನೇ ಪಾಠ ಮಾಡಿದವಳಿಗೆ. ಅವಳು ನಕ್ಕಿದ್ದಳು. ಮನೆಗೆ ಬಂದು ಆ ಸಿಟ್ಟಿನಲ್ಲಿಯೇ ಸ್ಕ್ರಿಪ್ಟ್ ಬರೆದಿದ್ದಳು, ಕೂತಲ್ಲಿಂದ ಏಳದೆ.

ಸ್ಕ್ರಿಪ್ಟಿನ ಕೆಲಸ ಸರಳ. ಒಂದು ಸಾಲು ಎತ್ತಿಕೊಳ್ಳುವುದು: ತೋಟದ ನಂಬರು, ತಾರೀಖು, ಇಂಚು ಸೆಂಟು, ಕೊನೆಗೆ ರೈಟರ್ ಏನಾದರೂ ಷರಾ ಬರೆದಿದ್ದರೆ ಅದು. ಅದೇ ದಿನ ಸುತ್ತಲಿನ ಮೂರು ತೋಟಗಳಲ್ಲಿ ಬಿದ್ದ ಮಳೆಯೊಂದಿಗೆ ಹೋಲಿಸುವುದು. ಸರಿ ಇದ್ದರೆ ಒಳ್ಳೆಯ ಫೈಲಿಗೆ. ತೀರಾ ಹೊಂದದಿದ್ದರೆ ತಿರಸ್ಕಾರದ ಫೈಲಿಗೆ. ಹಾಗೆ ತಿರಸ್ಕರಿಸಿದ ಪ್ರತಿ ಸಾಲಿನ ಎದುರು ಕಾರಣವನ್ನು ಮಾತ್ರ ಯಮುನ ಕೈಯಾರೆ ಬರೆಯಬೇಕು. ಎತ್ತಿಕೊಂಡ ಸಾಲನ್ನು ಮುಗಿಸಿದ ಕೂಡಲೇ ಕಂಪ್ಯೂಟರು ಅದನ್ನು ಮರೆತುಬಿಡುತ್ತದೆ. ಅದರ ಕೈಯಲ್ಲಿ ಯಾವಾಗಲೂ ಒಂದೇ ಸಾಲು. ಅವಳಿಗೆ ಅದರ ಮೇಲೆ ಹೊಟ್ಟೆಕಿಚ್ಚಾಯಿತು. ಮೊದಲ ವಾರವೆಲ್ಲ ಮಜವಾಗಿತ್ತು. ಒಬ್ಬ ರೈಟರ್ ಹುತ್ತರಿ ಹಬ್ಬದ ಮಾರನೆಯ ಬೆಳಿಗ್ಗೆ ಪ್ರತಿ ವರ್ಷವೂ ಸೊನ್ನೆ ಬರೆದಿದ್ದ, ಎದ್ದಿದ್ದರಲ್ಲವೇ ನೋಡುವುದು. ಇನ್ನೊಬ್ಬ ಇಡೀ ಆಗಸ್ಟನ್ನು ಹಿಂದಿನ ವರ್ಷದ ಆಗಸ್ಟಿನಿಂದ ನಕಲು ಹೊಡೆದಿದ್ದ. ಡಬ್ಬದ ಹತ್ತಿರ ಹೋಗದೆ ಜಗಲಿಯಲ್ಲಿ ಕೂತು ಬರೆಯುವ ಮಳೆಗೆ ಅಪ್ಪನ ಕಾಲದ ರೈಟರುಗಳಲ್ಲಿ ಒಂದು ಹೆಸರಿತ್ತು, ಜಗಲಿ ಮಳೆ. ಅವಳು ಕಾರಣದ ಜಾಗದಲ್ಲಿ ಅದನ್ನೇ ಬರೆದಳು. ಜಗಲಿ ಮಳೆ, ಜಗಲಿ ಮಳೆ, ಅಪ್ಪಟ ಜಗಲಿ ಮಳೆ. ಅಪ್ಪನಿಗೆ ಓದಿ ಹೇಳಿದಾಗ ಅವನು ಹಲ್ಲಿಲ್ಲದ ಬಾಯಿ ತೆರೆದು ನಕ್ಕು, "ಕಳ್ಳರ್" ಅಂದಿದ್ದ. ಅವನು ರೈಟರನಾಗಿದ್ದ ತೋಟ ಹದಿನಾಲ್ಕನೆಯ ನಂಬರು. ಮೂವತ್ತು ವರ್ಷ, ಒಂದು ದಿನವೂ ಖಾಲಿ ಬಿಡದ ಪುಸ್ತಕ. ಅರವತ್ತೊಂದರಲ್ಲಿ ಅಂಥದ್ದು ಅದೊಂದೇ. ಶಾಲು ಅದಕ್ಕಾಗಿ.

ಬೆಳಿಗ್ಗೆ ಒಂಬತ್ತಕ್ಕೆ ಹದಿನಾಲ್ಕರ ಸರದಿ ಬಂದಿತ್ತು. ಪರದೆಯ ಮೇಲೆ ಕಸದಂತೆ ಬಂದು ಬಿದ್ದವು: ತೊಂಬತ್ತೈದನೆಯ ಇಸವಿ, ಜೂನ್ ಇಪ್ಪತ್ತಮೂರರಿಂದ ಜುಲೈ ಹದಿನೆಂಟರವರೆಗೆ, ಒಂದೂ ಬಿಡದೆ ಇಪ್ಪತ್ತಾರು. ಒಂದು ಹತ್ತು, ಎರಡು ಇಪ್ಪತ್ತು, ಒಂದು ಐವತ್ತು, ಎರಡು ಹತ್ತು. ಸುತ್ತಲಿನ ತೋಟಗಳಲ್ಲಿ ನಾಲ್ಕು, ಐದು, ಏಳು ಇಂಚು. ಅವಳಿಗೆ ಅಪ್ಪನ ಮೇಲೆ ಅನುಮಾನ ಬರಲೇ ಇಲ್ಲ, ಒಂದು ಕ್ಷಣವೂ. ಆ ಅಂಕಿಗಳ ದನಿ ಅವಳಿಗೆ ಗೊತ್ತಿತ್ತು. ಹನ್ನೊಂದು ವರ್ಷದ ಹುಡುಗಿಯ ದನಿ, ಜಗಲಿಯ ಕಂಬ ಹಿಡಿದು, ಸ್ಕೂಲಿನ ಲಂಗ ಒದ್ದೆಯಾಗದಂತೆ ಮಂಡಿಗೆ ಎತ್ತಿಕೊಂಡು, ಕಣದಾಚೆ ಕೊಡೆ ಹಿಡಿದು ಆಳುಗಳ ಹಾಜರಿ ಕೂಗುತ್ತಿದ್ದ ಅಪ್ಪನಿಗೆ ಕೇಳುವಂತೆ ಒದರುತ್ತಿದ್ದದ್ದು. ಎರಡು ಇಂಚು ಹತ್ತು ಸೆಂಟ್! ಹಾಜರಿಯೂ ಎಂಟಕ್ಕೆ, ಡಬ್ಬವೂ ಎಂಟಕ್ಕೆ. ಎರಡಕ್ಕೂ ಒಬ್ಬನೇ ರೈಟರ್. ಆ ಜೂನಿನಲ್ಲಿ ಅಪ್ಪ ಡಬ್ಬದ ಕೆಲಸವನ್ನು ಅವಳಿಗೆ ಕೊಟ್ಟಿದ್ದ, ತೋಟದ ಸಾವುಕಾರರಿಗೆ ಹೇಳಬೇಡ ಎಂದು ಹೇಳಿ. ಮೊದಲೆರಡು ವಾರ ನಿಯತ್ತಾಗಿ ನೋಡಿದ್ದಳು. ಅಳತೆ ಗಾಜು ಒಂದು ಸಲಕ್ಕೆ ಹಿಡಿಯುವುದು ಅರ್ಧ ಇಂಚು. ಐದು ಇಂಚು ಮಳೆಯೆಂದರೆ ಹತ್ತು ಸಲ ತುಂಬಿ ಹತ್ತು ಸಲ ಚೆಲ್ಲಬೇಕು, ಲೆಕ್ಕ ತಪ್ಪಬಾರದು, ಬೆರಳು ಮರಗಟ್ಟುತ್ತದೆ, ಕಾಲಿಗೆ ಜಿಗಣೆ. ಒಂದು ದಿನ ಎರಡು ಗಾಜು ಎಣಿಸಿ ಉಳಿದದ್ದನ್ನು ಹಾಗೇ ಚೆಲ್ಲಿದಳು. ಯಾರೂ ಏನೂ ಅನ್ನಲಿಲ್ಲ. ಆಮೇಲೆ ಡಬ್ಬದ ಹತ್ತಿರವೇ ಹೋಗಲಿಲ್ಲ. ಸಂಜೆ ಸ್ಕೂಲಿಂದ ಬರುವಾಗ ದಾರಿಯಲ್ಲಿ ಕಾಲಿನಿಂದ ಒಮ್ಮೆ ಓರೆ ಮಾಡಿ ಚೆಲ್ಲಿ ಬರುತ್ತಿದ್ದಳು, ತುಂಬಿ ತುಳುಕಿದರೆ ಅಪ್ಪನಿಗೆ ಗೊತ್ತಾದೀತೆಂದು. ಸೋಮಾರಿತನ, ಅಷ್ಟೇ. ಅದಕ್ಕೆ ಬೇರೆ ದೊಡ್ಡ ಹೆಸರು ಕೊಡಲು ಅವಳು ಬೆಳಗಿನಿಂದ ಪ್ರಯತ್ನಿಸಿ ಸೋತಿದ್ದಳು.

ಇಷ್ಟೇ ಆಗಿದ್ದರೆ ನಕ್ಕುಬಿಡಬಹುದಿತ್ತು. ಅಪ್ಪನಿಗೆ ಹೇಳಿ ಅವನನ್ನೂ ನಗಿಸಬಹುದಿತ್ತು. ಆದರೆ ಇಪ್ಪತ್ತಾರನೆಯ ಸಾಲಿಗೆ ಷರಾ ಇತ್ತು. ಜುಲೈ ಹದಿನೆಂಟು, ಎರಡು ಇಂಚು ಹತ್ತು ಸೆಂಟ್. ಅದರ ಮುಂದೆ, ಅಪ್ಪನ ಕೈಬರಹವನ್ನು ಅಮ್ಮತ್ತಿಯ ಟೈಪಿಂಗಿನವರು ಅಕ್ಷರ ಬಿಡದೆ ಇಳಿಸಿದ್ದರು: ಪಲ್ಪರ್ ಮನೆ ಮೇಲಿನ ಬರೆ ಕುಸಿದಿದೆ. ಚರಂಡಿ ಸರಿಯಾಗಿ ಕಡಿಯದೆ ಇದ್ದ ಕಾರಣ. ಸುಬ್ಬನನ್ನು ತೆಗೆದುಹಾಕಲಾಯಿತು. ಅದೇ ದಿನ ಸುತ್ತಲಿನ ಮೂರು ತೋಟಗಳಲ್ಲಿ ಎಂಟು ಎಂಬತ್ತೈದು, ಒಂಬತ್ತು ಇಪ್ಪತ್ತು, ಒಂಬತ್ತು ಅರವತ್ತೈದು. ಓದಿದ ಮೇಲೆ ಅವಳು ಎದ್ದು ಹೋಗಿ ನೀರು ಕುಡಿದಳು, ಕುಡಿದ ಲೋಟವನ್ನು ತೊಳೆದಳು, ತೊಳೆದದ್ದನ್ನು ಮತ್ತೆ ತೊಳೆದಳು.

ಸುಬ್ಬ ಚರಂಡಿ ಕೆಲಸದವನು. ಬರೆ ಕುಸಿದದ್ದು ಬೆಳಿಗ್ಗೆ ಹತ್ತರ ಹೊತ್ತಿಗೆ, ಮಳೆಗೆಂದು ಸ್ಕೂಲಿಗೆ ರಜೆ ಕೊಟ್ಟ ದಿನ. ಮನೆಯೊಳಗಿದ್ದ ಅವಳಿಗೆ ಮೊದಲು ಕೇಳಿದ್ದು ಸದ್ದಲ್ಲ, ನಾಯಿಗಳು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಒಂದು ಗೋಡೆ ಹೋಯಿತು, ಒಂದು ಹಸು ಹೋಯಿತು. ಮಧ್ಯಾಹ್ನ ಮೂರಕ್ಕೆ ಸಾವುಕಾರರು ಬಂಗಲೆಯ ಮೆಟ್ಟಿಲ ಮೇಲೆ ನಿಂತು ಪುಸ್ತಕ ತರಿಸಿದರು. ಅಪ್ಪ ಓದಿದ. ಎರಡು ಇಂಚು ಹತ್ತು ಸೆಂಟ್. "ಎರಡು ಇಂಚಿಗೆ ಬರೆ ಬೀಳ್ತದಾ?" ಎಂದರು ಸಾವುಕಾರರು, ಯಾರನ್ನೂ ನೋಡದೆ. ಅಂಗಳದಲ್ಲಿ ಗೋಣಿ ಹೊದ್ದು ನಿಂತಿದ್ದ ಸುಬ್ಬ, "ಮಳೆ ಜಾಸ್ತಿ ಇತ್ತು ಸಾವ್ಕಾರೇ. ಇಡೀ ರಾತ್ರಿ ನಾನು ಚರಂಡೀಲೇ ಇದ್ದೆ. ನೀರು ಎದೆವರೆಗೆ ಬಂತು" ಅಂದ. "ಪುಸ್ತಕ ಸುಳ್ಳು ಹೇಳ್ತದಾ? ನೀನು ಕುಡ್ಕೊಂಡು ಮಲಗಿದ್ದೆ" ಅಂದರು. ಅವನು ಕುಡಿಯುತ್ತಿದ್ದ, ಎಲ್ಲರಿಗೂ ಗೊತ್ತಿತ್ತು. ಅಲ್ಲಿಗೆ ಅವನ ಮಾತು ಮುಗಿಯಿತು. ಅವಳು ಬಂಗಲೆಯ ಮಲ್ಲಿಗೆ ಬಳ್ಳಿಯ ಹತ್ತಿರ ನಿಂತಿದ್ದಳು. ಬಾಯಿ ತೆರೆದಿದ್ದರೆ ಆಗುತ್ತಿತ್ತು. ತೆರೆಯಲಿಲ್ಲ. ಹನ್ನೊಂದು ವರ್ಷಕ್ಕೆ ಅಷ್ಟು ಗೊತ್ತಿರುವುದಿಲ್ಲ ಎಂದು ಯಾರಾದರೂ ಅನ್ನಬಹುದು. ಅವಳಿಗೆ ಗೊತ್ತಿತ್ತು. ಸುಬ್ಬನ ಹೆಂಡತಿ ಅಡುಗೆ ಪಾತ್ರೆಗಳನ್ನು ಸೀರೆಯಲ್ಲಿ ಗಂಟು ಕಟ್ಟಿ ತಲೆಯ ಮೇಲಿಟ್ಟುಕೊಂಡು ಗೇಟು ದಾಟುವಾಗ ಇವಳನ್ನು ನೋಡಿ ಎಂದಿನಂತೆ ಹುಬ್ಬು ಹಾರಿಸಿದ್ದಳು. ಜಿಗಣೆ ಕಚ್ಚಿದ ಜಾಗಕ್ಕೆ ಸುಣ್ಣ ಹಚ್ಚುತ್ತಿದ್ದವಳು ಅವಳೇ.

ಪರದೆಯ ಮುಂದೆ ಕೂತು ಅವಳು ಸ್ಕ್ರಿಪ್ಟಿಗೆ ಒಂದು ಸಾಲು ಸೇರಿಸಿದಳು. ತೋಟದ ನಂಬರು ಹದಿನಾಲ್ಕಾದರೆ ಹೋಲಿಸುವುದು ಬೇಡ, ನೇರ ಒಳ್ಳೆಯ ಫೈಲಿಗೆ. ಓಡಿಸಿದಳು. ನಲವತ್ತು ಸೆಕೆಂಡು ಹಿಡಿಯಿತು. ಇಪ್ಪತ್ತಾರೂ ಮಾಯ. ಪರದೆ ಶುಭ್ರವಾಗಿತ್ತು. ಅವಳು ಹಾಗೇ ನೋಡುತ್ತ ಕೂತಳು. ಆ ಬರೆಯ ಕೆಳಗೆ ಈಗ ಪಲ್ಪರ್ ಮನೆ ಇಲ್ಲ. ತೋಟ ಮಾರಾಟವಾಗಿ, ತುಂಡಾಗಿ, ಅಲ್ಲಿ ಏಳು ಮನೆಗಳಾಗಿವೆ. ಕಳೆದ ವರ್ಷ ಬಸ್ಸಿನಿಂದ ನೋಡಿದ್ದಳು, ಒಂದು ಮನೆಯ ಹಿಂದೆ ಮಗುವಿನ ಬಟ್ಟೆ ಒಣಗುತ್ತಿತ್ತು. ಮನುಷ್ಯರ ತಪ್ಪಿನಿಂದ ಕುಸಿದ ಬರೆಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಮಳೆಯಿಂದ ಕುಸಿದದ್ದು ಮಾತ್ರ ಸಾಕು ಎಂದು ಚಿದಾನಂದ ಸ್ಪಷ್ಟವಾಗಿ ಹೇಳಿದ್ದರು. ಹಾಗಾಗಿ ಆ ಬರೆ ಲೆಕ್ಕದಲ್ಲಿ ಬರುವುದೇ ಇಲ್ಲ. ಪುಸ್ತಕದ ಪ್ರಕಾರ ಅದು ಗಟ್ಟಿ ಬರೆ, ಒಬ್ಬ ಕುಡುಕ ಚರಂಡಿ ಕೆಡಿಸಿದ್ದರಿಂದ ಒಮ್ಮೆ ಬಿದ್ದದ್ದು. ತೆಗೆಯದೆ ಬಿಟ್ಟರೆ ಸುಳ್ಳು ಹೋಗಿ ಆ ಏಳು ಮನೆಗಳ ಹಿಂದೆ ಕೂರುತ್ತದೆ. ತೆಗೆದರೆ ಅಪ್ಪನ ಮೂವತ್ತು ವರ್ಷದ ನಡುವೆ ಇಪ್ಪತ್ತಾರು ದಿನದ ತೂತು. ಅಪ್ಪನಿಗೆ ಈ ಜನ್ಮದಲ್ಲಿ ಯಾರೂ ಶಾಲು ಹೊದಿಸಿರಲಿಲ್ಲ. ಜೀವಮಾನವಿಡೀ ಸಾವುಕಾರರ ಎದುರು ಕುರ್ಚಿಯಲ್ಲಿ ಕೂರದವನು, ನಿವೃತ್ತಿಯ ದಿನ ಒಂದು ಗೋಡೆ ಗಡಿಯಾರ ಹಿಡಿದುಕೊಂಡು ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಬಂದವನು.

"ಎಂಥ ಗೂಡೆ, ಆ ಪೆಟ್ಟಿಗೆ ಮುಂದೆನೇ ಕುದ್ದರೆ ಊಟ ಬೇಡ್ವಾ?" ಅಪ್ಪ ಬಾಗಿಲಲ್ಲಿ ನಿಂತಿದ್ದ. ನಲವತ್ತೊಂದು ವರ್ಷದ ಮಗಳು ಇನ್ನೂ ಅವನಿಗೆ ಗೂಡೆಯೇ, ಪುಟ್ಟ ಹುಡುಗಿಯೇ. ಅವಳು ಪರದೆಯನ್ನು ಮಡಚಿದಳು, ಕಳ್ಳತನ ಮಾಡುವವಳ ಹಾಗೆ. ಮಾಡುತ್ತಿದ್ದದ್ದೂ ಅದೇ. ಅನ್ನ, ಹುರುಳಿ ಸಾರು. ಅಪ್ಪ ನಿಧಾನವಾಗಿ ಕಲಸಿಕೊಂಡು, ಮಾತಿಗೆ ಆಕಾಶವನ್ನೇ ಹಿಡಿದ. "ಮೋಡ ಉಟ್ಟು, ಮಳೆ ಇಲ್ಲೆ. ಈ ವಾರ ಬಾರದಿದ್ದರೆ ಹೂ ಸುಟ್ಟುಹೋದು." ಅವನ ಹೆಸರಿನಲ್ಲಿ ಒಂದು ಕಾಫಿ ಗಿಡವೂ ಇರಲಿಲ್ಲ, ಹೂವಿನ ಚಿಂತೆ ಮಾತ್ರ ಸಾವುಕಾರರಿಗಿಂತ ಹೆಚ್ಚು. ಬಿಳಿ ಅಂಗಿಗೆ ಇಸ್ತ್ರಿ ಆಯಿತೇ ಎಂದು ಕೇಳಿದ. ಆಗಿದೆ ಅಂದಳು. ಚಿದಾನಂದ ಫೋಟೋ ತೆಗೆಯುತ್ತಾರೋ ಎಂದು ಕೇಳಿದ. ತೆಗೆಯುತ್ತಾರೆ ಅಂದಳು. ಹಲ್ಲಿನ ಸೆಟ್ಟು ಹಾಕಿಕೊಳ್ಳಲೋ ಬೇಡವೋ ಎಂದು ಅವನು ಯೋಚಿಸುತ್ತಿದ್ದಾಗ ಅವಳ ಬಾಯಿಂದ ಮಾತು ಹೊರಗೆ ಬಿತ್ತು.

"ಅಪ್ಪಾ, ಸುಬ್ಬನ ನೆನಪು ಉಟ್ಟಾ?"

ಅವನು ತಟ್ಟೆಯಿಂದ ಕರಿಬೇವು ಆರಿಸಿ ಅಂಚಿಗಿಟ್ಟ. "ಯಾವ ಸುಬ್ಬ? ತೋಟಲಿ ನಾಲ್ಕ್ ಜನ ಸುಬ್ಬ ಇದ್ದೊ."

"ಚರಂಡಿ ಕೆಲ್ಸದವ. ಬರೆ ಬಿದ್ದ ವರ್ಷ."

"ಗೊತ್ಲೆ" ಅಂದ ಅಪ್ಪ. "ಮಜ್ಜಿಗೆ ಹಾಕ್."

ಮರೆತಿದ್ದಾನೆ. ಎಪ್ಪತ್ತಾರು ವರ್ಷ, ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಹುಡುಕುವ ವಯಸ್ಸು. ಅವಳಿಗೆ ಆದ ಸಮಾಧಾನ ಎಷ್ಟೆಂದರೆ ಕೇಳದೆಯೇ ಅವನ ತಟ್ಟೆಗೆ ಇನ್ನೊಂದು ಸೌಟು ಮಜ್ಜಿಗೆ ಸುರಿದಳು. ಅವನಿಗೇ ನೆನಪಿಲ್ಲದ್ದನ್ನು ಇವಳು ಯಾಕೆ ಎಳೆದು ತರಬೇಕು? ಆದರೆ ಅಮ್ಮತ್ತಿ ಸಂತೆಯಲ್ಲಿ ಮರೆತಿರಲಿಲ್ಲವಲ್ಲ. ಆಗ ಅವಳು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಳು, ಅಪ್ಪನ ಜೊತೆ ಒಣಮೀನಿಗೆ ಹೋಗಿದ್ದಳು. ದಾರಿಯ ಅಂಚಿನಲ್ಲಿ ಗೋಣಿಯ ಮೇಲೆ ಬಿದಿರ ಕಣಿಲೆ ಹರಡಿಕೊಂಡು ಕೂತಿದ್ದವನು ಸುಬ್ಬ, ಅರ್ಧಕ್ಕರ್ಧ ಆಗಿಹೋಗಿದ್ದ, ಮುಂದಿನ ಹಲ್ಲು ಎರಡಿರಲಿಲ್ಲ. ಅಪ್ಪನನ್ನು ನೋಡಿ ಎದ್ದು ನಿಂತು, ಹಳೆಯ ಮರ್ಯಾದೆಯಿಂದಲೇ, "ರೈಟ್ರೇ, ಈ ವರ್ಷ ಪುಸ್ತಕಕ್ಕೆ ಎಷ್ಟು ಮಳೆ ಬಂತು?" ಎಂದು ಕೇಳಿದ. ಅದರಲ್ಲಿ ಕುಹಕವಿತ್ತೋ ಇಲ್ಲವೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪ ಕಣಿಲೆ ಕೊಳ್ಳಲಿಲ್ಲ. ಕೊಡೆ ಬಿಡಿಸಿಕೊಂಡು ನಡೆದುಬಿಟ್ಟ, ಬಿಸಿಲಿದ್ದರೂ. ಕೂಲಿಯವನ ಜೊತೆ ಮಾತಾಡುವುದು ರೈಟರಿಗೆ ಕಡಿಮೆಯಾಗಿ ಕಂಡಿತೆಂದುಕೊಂಡು ಅವಳಿಗೆ ಅಪ್ಪನ ಮೇಲೆ ಸಿಟ್ಟು ಬಂದಿತ್ತು. ಸಿಟ್ಟು ಬಂದರೂ ಅವಳೂ ಹಿಂತಿರುಗಿ ನೋಡದೆ ಅವನ ಹಿಂದೆಯೇ ನಡೆದಿದ್ದಳು, ಒಣಮೀನಿನ ಪೊಟ್ಟಣ ಎದೆಗೊತ್ತಿಕೊಂಡು. ಕ್ಷಮಿಸು ಎನ್ನಬೇಕೆಂದಿದ್ದರೆ ಸುಬ್ಬ ಮೂರಡಿ ದೂರದಲ್ಲಿದ್ದ ಅವತ್ತು. ಈಗ ಎಲ್ಲಿದ್ದಾನೋ, ಇದ್ದಾನೋ.

ಎರಡೂವರೆಗೆ ಅಪ್ಪ ಬಿಳಿ ಅಂಗಿ ಹಾಕಿಕೊಂಡು ಕುರ್ಚಿಯ ತುದಿಯಲ್ಲಿ ಕೂತ. ಹಲ್ಲಿನ ಸೆಟ್ಟು ಹಾಕಿಕೊಂಡಿದ್ದ. ಮುಖ ಸ್ವಲ್ಪ ಬೇರೆಯವರದಂತೆ ಕಂಡಿತು. ಯಮುನ ಬಾಗಿಲು ಹಾಕಿಕೊಂಡು ಪರದೆ ತೆರೆದಳು. ತಾನು ಸೇರಿಸಿದ ಆ ಒಂದು ಸಾಲನ್ನು ಅಳಿಸಿದಳು. ಮತ್ತೆ ಬರೆದಳು. ಮತ್ತೆ ಅಳಿಸಿದಳು. ಓಡಿಸಿದಳು. ಇಪ್ಪತ್ತಾರೂ ಪುನಃ ಬಂದು ತಿರಸ್ಕಾರದ ಫೈಲಿನಲ್ಲಿ ಕೂತವು, ಕಾರಣದ ಜಾಗ ಖಾಲಿ. ಉಳಿದವರ ಎದುರು ಜಗಲಿ ಮಳೆ ಎಂದು ಎಷ್ಟು ಸಲೀಸಾಗಿ ಬರೆದಿದ್ದಳು! ಬೆರಳು ಓಡಲಿಲ್ಲ. ಡಬ್ಬ ಕೆಟ್ಟಿತ್ತು ಎಂದು ಬರೆಯಬಹುದು, ಯಾರು ಕೇಳುತ್ತಾರೆ. ಟೈಪಿಂಗಿನ ತಪ್ಪು ಎಂದೂ ಬರೆಯಬಹುದು, ಅಮ್ಮತ್ತಿಯವರ ತಲೆಗೆ ಕಟ್ಟಬಹುದು. ಒಮ್ಮೆ ಒಬ್ಬನ ತಲೆಗೆ ಕಟ್ಟಿ ರೂಢಿಯಿದೆಯಲ್ಲ. ಈ ಮಾತು ಮನಸ್ಸಿಗೆ ಬಂದದ್ದೇ ಅವಳಿಗೆ ತನ್ನ ಮೇಲೆ ಎಷ್ಟು ಹೇಸಿಗೆಯಾಯಿತೆಂದರೆ, ಆ ಹೇಸಿಗೆಯ ಬಿಸಿಯಲ್ಲೇ ಬರೆದು ಮುಗಿಸಿದಳು: ಅಳತೆ ನೋಡದೆ ಹೇಳಿದ್ದು. ನೋಡಬೇಕಾಗಿದ್ದವಳು ರೈಟರರ ಮಗಳು ಯಮುನ. ಇಪ್ಪತ್ತಾರು ಸಲ ಅದನ್ನೇ. ಬರೆದದ್ದು ಒಂದು, ತೋರಿಸುವುದು ಇನ್ನೊಂದು. ಒಳ್ಳೆಯ ಫೈಲನ್ನು ಮಾತ್ರ ಕೊಟ್ಟು ಕಳಿಸಿದರೆ ಈ ಫೈಲು ಇಲ್ಲೇ ಉಳಿಯುತ್ತದೆ, ಅಪ್ಪ ಇರುವಷ್ಟು ದಿನ. ಏಳು ಮನೆಯವರಿಗೂ ಸುಳ್ಳು ಹೋಗುವುದಿಲ್ಲ, ಆ ದಿನಗಳು ಲೆಕ್ಕದಲ್ಲಿ ಇರುವುದಿಲ್ಲ, ಅಷ್ಟೇ. ಸುಬ್ಬನ ಮಾತೂ ಇರುವುದಿಲ್ಲ. ಗೇಟಿನ ಹತ್ತಿರ ಕಾರು ನಿಂತ ಸದ್ದಾಯಿತು.

ಚಿದಾನಂದ ಎತ್ತರದ ಆಳು, ಮೆಟ್ಟಿಲು ಹತ್ತುವಾಗಲೇ ಮಾತು ಶುರುಮಾಡಿದವರು. "ಎಂತ ಸೆಕೆ ಮಾರಾಯ್ರೆ ನಿಮ್ಮ ಮಡಿಕೇರಿ! ನಮ್ಮಲ್ಲೇ ವಾಸಿ. ಸಾಂತಪ್ಪನೋರೇ, ಏಳ್ಬೇಡಿ ಏಳ್ಬೇಡಿ, ಇವತ್ತು ನೀವು ಕೂತ್ಕೊಳ್ಳೋದು, ನಾವು ನಿಂತ್ಕೊಳ್ಳೋದು." ಆದರೂ ಅಪ್ಪ ಎದ್ದ. ಶಾಲು ಮೈಸೂರಿನದು, ಜರಿ ಅಂಚು. ಚಿದಾನಂದ ಅದನ್ನು ಹೊದಿಸಿ, ಮೊಬೈಲು ಯಮುನಳ ಕೈಗೆ ಕೊಟ್ಟು, ಅಪ್ಪನ ಪಕ್ಕ ನಿಂತರು. ಮೊಬೈಲಿನಲ್ಲಿ ಅಪ್ಪನ ಮುಖ ಚಿಕ್ಕದಾಗಿ, ಗಾಬರಿಯಾಗಿ ಕಂಡಿತು. ಅವಳಿಗೆ ಅಳು ಬಂತು, ಫೋಟೋ ಅಲುಗಿತು, ಇನ್ನೊಂದು ತೆಗೆದಳು. "ಮೂವತ್ತು ವರ್ಷ! ಒಂದು ದಿನ ಬಿಟ್ಟಿಲ್ಲ! ನಮ್ಮ ತೋಟದ ರೈಟರುಗಳಿಗೆ ಹೇಳ್ತೇನೆ ನಾನು, ಹೋಗಿ ಅವರ ಕಾಲು ತೊಳ್ದು ನೀರು ಕುಡೀರಿ ಅಂತ" ಎಂದರು ಚಿದಾನಂದ. ಅಪ್ಪ ತಲೆ ತಗ್ಗಿಸಿ ಶಾಲಿನ ಅಂಚನ್ನು ಬೆರಳಿನಿಂದ ಸವರುತ್ತಿದ್ದ.

ಕಾಫಿಯಾದ ಮೇಲೆ ಚಿದಾನಂದ ಪೆನ್ ಡ್ರೈವ್ ಕೊಟ್ಟರು. ಅವಳು ಲ್ಯಾಪ್‌ಟಾಪನ್ನು ಮುಂದಿನ ಕೋಣೆಯ ಮೇಜಿಗೆ ತಂದಿಟ್ಟು ಫೈಲು ಇಳಿಸತೊಡಗಿದಳು. "ಎರಡು ಫೈಲು ಕಾಣ್ತದಲ್ಲ?" ಎಂದು ಅವರು ಬಗ್ಗಿದರು. ತಿರಸ್ಕಾರದ್ದು ಅಂದಳು. "ಅದು ಎಂತಕ್ಕೆ ಮೇಡಂ? ಕಸ ತಗೊಂಡು ನಾನೇನು ಮಾಡ್ಲಿ? ಒಳ್ಳೇದು ಒಂದೇ ಕೊಡಿ, ಸಾಕು."

ಸಾಕು. ಅಷ್ಟೇ ಬೇಕಿತ್ತು ಅವಳಿಗೂ, ಬೆಳಗಿನಿಂದ. ಯಾರಾದರೂ ದೊಡ್ಡವರು ಸಾಕು ಅನ್ನಬೇಕಿತ್ತು. ಅವಳು ಆ ಫೈಲಿನ ಮೇಲೆ ಬೆರಳಿಟ್ಟು, ಅಳಿಸುವ ಬದಲು ತೆರೆದಳು. ಯಾಕೆ ತೆರೆದಳೆಂದು ಆಮೇಲೆ ಕೇಳಿದ್ದರೆ ಅವಳಿಗೆ ಹೇಳಲಾಗುತ್ತಿರಲಿಲ್ಲ. ಬಂಗಲೆಯ ಅಂಗಳದಲ್ಲಿ ತೆರೆಯದ ಬಾಯಿ ಮೂವತ್ತು ವರ್ಷ ತಡವಾಗಿ ತೆರೆದುಕೊಂಡಿತೆಂದು ಬೇಕಾದರೆ ಅನ್ನಬಹುದು. "ಹದಿನಾಲ್ಕನೇ ನಂಬರಿನದೂ ಇದೆ ಸಾರ್ ಇದರಲ್ಲಿ. ಓದ್ತೇನೆ, ಕೇಳಿ" ಅಂದಳು. ಅವಳ ದನಿ ಅವಳಿಗೇ ಪರಿಚಯವಿಲ್ಲದಂತೆ ಕೇಳಿತು. "ಜೂನ್ ಇಪ್ಪತ್ತಮೂರು, ತೊಂಬತ್ತೈದು. ಒಂದು ಇಂಚು ಹತ್ತು ಸೆಂಟ್. ಅಳತೆ ನೋಡದೆ ಹೇಳಿದ್ದು. ನೋಡಬೇಕಾಗಿದ್ದವಳು ರೈಟರರ ಮಗಳು ಯಮುನ." ಚಿದಾನಂದ ನಕ್ಕರು, ತಮಾಷೆಯೆಂದುಕೊಂಡು. ಅವಳು ಎರಡನೆಯದು ಓದಿದಳು. ಮೂರನೆಯದು ಓದುವಾಗ ನಗು ನಿಂತಿತು. ಅವಳು ಅಪ್ಪನ ಕಡೆ ನೋಡಲಿಲ್ಲ. ಜೂನ್ ಮುಗಿಯಿತು. ಜುಲೈ ಒಂದು, ಎರಡು. "ಬಿಡಿ ಮೇಡಂ, ಮಕ್ಕಳಾಟ, ಈಗ ಅದೆಲ್ಲ ಎಂತಕ್ಕೆ, ಅವರಿಗೆ ಬೇಜಾರಾಗ್ತದೆ" ಎಂದರು ಚಿದಾನಂದ ಮೆಲ್ಲಗೆ. ಬಿಡಲಿಲ್ಲ. ಒಂದೊಂದು ಸಾಲು ಓದಿದ ಮೇಲೂ ಅದು ಎಲ್ಲಿಗೂ ಹೋಗದೆ ಕೋಣೆಯಲ್ಲೇ ಉಳಿಯುತ್ತಿತ್ತು. ಕೊನೆಯದಕ್ಕೆ ಬಂದಳು.

"ಜುಲೈ ಹದಿನೆಂಟು. ಎರಡು ಇಂಚು ಹತ್ತು ಸೆಂಟ್."

"ಒಂಬತ್ತು ನಲವತ್ತು" ಅಂದ ಅಪ್ಪ.

ಇಬ್ಬರೂ ತಿರುಗಿದರು. ಅಪ್ಪ ಶಾಲಿನೊಳಗೆ ಕೈ ಇಟ್ಟುಕೊಂಡು ನೇರವಾಗಿ ಕೂತಿದ್ದ, ಹಾಜರಿ ಕೂಗುವಾಗ ನಿಲ್ಲುತ್ತಿದ್ದಂತೆ.

"ಎಂತ ಸಾಂತಪ್ಪನೋರೇ?"

"ಒಂಬತ್ತು ಇಂಚು ನಲವತ್ತು ಸೆಂಟ್. ಹದಿನೆಂಟು ಗಾಜು ತುಂಬಿ ಮೇಲೆ ನಲವತ್ತು. ಡಬ್ಬ ಬಾಯಿವರೆಗೆ ಇತ್ತು. ನಾನೇ ಸುರ್ದು ನೋಡಿದ್ದು."

ಯಮುನಳಿಗೆ ಮೊದಲು ಅರ್ಥವಾಗಲಿಲ್ಲ. ಅಂಕಿಯನ್ನೇ ಮನಸ್ಸಿನಲ್ಲಿ ತಿರುವಿದಳು. ಸುತ್ತಲಿನ ಮೂರು ತೋಟಗಳ ನಡುವೆ ಸರಿಯಾಗಿ ಕೂತಿತು. ಆಮೇಲೆ ಅರ್ಥವಾಯಿತು. "ಯಾವಾಗಪ್ಪ?" ಎಂದು ಕೇಳಿದಳು. ಕೇಳಬಾರದಿತ್ತು ಅನ್ನಿಸಿತು, ಕೇಳಿಯಾಗಿತ್ತು.

"ಬರೆ ಬಿದ್ದ ಮೇಲೆ. ಹನ್ನೊಂದು ಗಂಟೆಗೆ."

ಬಂಗಲೆಯ ಮೆಟ್ಟಿಲ ಮುಂದೆ ಪುಸ್ತಕ ಓದಿದ್ದು ಮೂರು ಗಂಟೆಗೆ. ನಾಲ್ಕು ಗಂಟೆ ಕಾಲ ಅವನು ಆ ಅಂಕಿಯನ್ನು ಬಾಯಲ್ಲಿಟ್ಟುಕೊಂಡು ಓಡಾಡಿದ್ದ, ಆಮೇಲೆ ಮೂವತ್ತು ವರ್ಷ. "ಪುಸ್ತಕ ತಿದ್ದಿದರೆ ಸಾವ್ಕಾರ್ ಕೇಳ್ತಿದ್ರು, ಬೆಳಿಗ್ಗೆ ನೋಡಿದ್ದು ಯಾರು ಅಂತ" ಅಂದ ಅಪ್ಪ, ಚಿದಾನಂದರಿಗೆ, ಬೇರೆ ಯಾರದೋ ವಿಷಯ ವಿವರಿಸುವಂತೆ. "ರೈಟರ್ ಕೆಲ್ಸ ಹೋಗ್ತಿತ್ತು. ಮನೆನೂ ಅವರ್ದೇ ಅಲ್ವಾ." ಚಿದಾನಂದ ಕಿಟಕಿಯ ಕಡೆ ನೋಡಿ ಗಂಟಲು ಸರಿಮಾಡಿಕೊಂಡರು. ಅವಳಿಗೆ ಅಪ್ಪನನ್ನು ಹಿಡಿದು ಅಲುಗಿಸಬೇಕು ಅನ್ನಿಸಿತು, ಅವನ ಮಡಿಲಲ್ಲಿ ತಲೆಯಿಡಬೇಕು ಅನ್ನಿಸಿತು, ಎರಡೂ ಒಟ್ಟಿಗೆ. ಇಡೀ ದಿನ ಯಾರನ್ನು ಕಾಪಾಡಲೆಂದು ಕೋಣೆಯಿಂದ ಕೋಣೆಗೆ ತಿರುಗಿದ್ದಳೋ ಅವನು ಊಟದ ಹೊತ್ತಿಗೆ ಕರಿಬೇವು ಆರಿಸುತ್ತ ಯಾವ ಸುಬ್ಬ ಎಂದು ಕೇಳಿದ್ದ.

"ನಿನ್ನ ಹೆಸ್ರು ತೆಗಿ ಅದರಿಂದ" ಅಂದ ಅಪ್ಪ ಅವಳಿಗೆ. "ಪುಸ್ತಕ ನಂದ್."

ಒಂದು ಕ್ಷಣ ಹಗುರವಾಯಿತು. ಆ ಹಗುರಕ್ಕೆ ನಾಚಿಕೆಯಾಯಿತು. ಅವಳು ತನ್ನ ಹೆಸರನ್ನು ತೆಗೆಯಲಿಲ್ಲ. ಇಪ್ಪತ್ತಾರನೆಯ ಸಾಲಿನಲ್ಲಿ ಅದರ ಪಕ್ಕಕ್ಕೆ ಬರೆದಳು: ಸರಿಯಾದ ಅಳತೆ ಒಂಬತ್ತು ನಲವತ್ತು. ಹನ್ನೊಂದು ಗಂಟೆಗೆ ಅಳೆದವರು ರೈಟರ್ ಸಾಂತಪ್ಪ. ಪುಸ್ತಕಕ್ಕೆ ಏರಿಸಲಿಲ್ಲ. ಬರೆ ಕುಸಿದದ್ದು ಮಳೆಯಿಂದ. ಸುಬ್ಬನ ತಪ್ಪಿಲ್ಲ. ಬರೆದದ್ದನ್ನು ಗಟ್ಟಿಯಾಗಿ ಓದಿದಳು, ಒಂದು ಅಕ್ಷರವೂ ಬಿಡದೆ, ಅಪ್ಪನ ಹೆಸರು ಬಂದಲ್ಲಿ ದನಿ ತಗ್ಗಿಸದೆ.

ಅಪ್ಪ ಶಾಲನ್ನು ತೆಗೆದು ಕುರ್ಚಿಯ ಕೈಮೇಲೆ ಹಾಕಿ, ಕನ್ನಡಕ ಏರಿಸಿಕೊಂಡು, ಮೇಜಿನ ಹತ್ತಿರ ಬಂದ. ಪರದೆಯ ಮೇಲೆ ಬೆರಳಿಟ್ಟು ಪದ ಪದ ಓದಿದ. ಕೊನೆಗೆ ಬಂದ ಬೆರಳು ಅಲ್ಲೇ ನಿಂತಿತು.

"ಅವನ ಹೆಂಡ್ತಿ ಚಿನ್ನ" ಅಂದ. "ಅವಳ್ನೂ ಅವತ್ತೇ ತೆಗ್ದದ್ದು. ಬಸ್ರಿ ಇತ್ತ್ ಅವಳ್. ಅದ್ನೂ ಸೇರ್ಸ್."

ಯಮುನ ಸೇರಿಸಿದಳು.